ಇಬ್ಬರ ಸಹಿ, ಒಂದು ಮನೆ, ಒಂದು ಜಪ್ತಿ ನೋಟಿಸು

ಪೆರಿಕ್ಕಲ್ಲೂರು ಕಡವಿನಲ್ಲಿ ದೋಣಿ ಹತ್ತಿದರೆ ಕಬಿನಿ ದಾಟಲು ಕೆಲವೇ ನಿಮಿಷ ಸಾಕು. ಈ ದಡ ವಯನಾಡು ಜಿಲ್ಲೆಯ ಮುಳ್ಳನ್‌ಕೊಲ್ಲಿ ಪಂಚಾಯಿತಿ, ಆ ದಡ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನ ಬೈರಕುಪ್ಪೆ. ಹೊಳೆ ದಾಟಿದರೆ ಅಂಗಡಿಯ ಬೋರ್ಡು ಬೇರೆ, ಬಸ್ಸು ಬೇರೆ, ಪಡಿತರ ಚೀಟಿಯ ಬಣ್ಣ ಬೇರೆ. ಎರಡು ಮಾತು ಮಾತ್ರ ಆಚೆಗೂ ಈಚೆಗೂ ಹಾಗೇ ಉಳಿದಿವೆ. ಒಂದು ‘ಜಪ್ತಿ’, ಇನ್ನೊಂದು ‘ಪಾಪರ್’. ಮಲಯಾಳಿಯ ಬಾಯಲ್ಲಿ ಎರಡನೆಯದು ‘ಪಾಪ್ಪರ್’ ಎಂದು ಕೊಂಚ ಒತ್ತಿ ಬರುತ್ತದೆ. ಅರ್ಥ ಅದೇ: ಮನೆ ಹೋಯಿತು, ಮನುಷ್ಯ ಕೈ ಎತ್ತಿದ.

ಈ ಎರಡು ಮಾತುಗಳ ನಡುವೆ ಮದುವೆಯೊಂದು ಮುರಿದು ಬಿದ್ದರೆ ಏನಾಗುತ್ತದೆ? ಡೈವೋರ್ಸ್ ಎಂದೊಡನೆ ಜನ ಜೀವನಾಂಶದ ಬಗ್ಗೆ ಕೇಳುತ್ತಾರೆ, ಮಕ್ಕಳು ಯಾರ ಪಾಲು ಎಂದು ಕೇಳುತ್ತಾರೆ. ಮನೆಯ ಮೂಲ ಪತ್ರ ಯಾವ ಬ್ಯಾಂಕಿನ ಕಪಾಟಿನಲ್ಲಿದೆ ಎಂದು ಕೇಳುವವರು ಕಡಿಮೆ. ಗಂಡ ಹೆಂಡತಿ ಬೇರೆಯಾಗಲು ಕಾನೂನು ಬಾಗಿಲು ತೆರೆದಿಟ್ಟಿದೆ. ಆದರೆ ಸಾಲದ ಪತ್ರದ ಮೇಲಿನ ಇಬ್ಬರ ಸಹಿಯನ್ನು ಬೇರ್ಪಡಿಸುವ ಅಧಿಕಾರ ಕುಟುಂಬ ನ್ಯಾಯಾಲಯಕ್ಕೂ ಇಲ್ಲ. ಬೇರೆಯಾದ ಮೇಲೆ ಬಡತನ ಕಾಣುವ ಎಷ್ಟೋ ಮನೆಗಳ ಕಥೆ ಈ ಒಂದು ಸಂಗತಿಯಿಂದ ಶುರುವಾಗುತ್ತದೆ.

ಮುಳ್ಳನ್‌ಕೊಲ್ಲಿ, ಪುಲ್ಪಳ್ಳಿ ಸೀಮೆಗೆ ಸಾಲ ಹೊಸದಲ್ಲ. ಇಲ್ಲಿನ ಅನೇಕ ಕುಟುಂಬಗಳು ಕಳೆದ ಶತಮಾನದ ನಡುಭಾಗದಲ್ಲಿ ತಿರುವಾಂಕೂರಿನ ಕಡೆಯಿಂದ ಬಂದು ಕಾಡು ಕಡಿದು ನೆಲೆ ನಿಂತ ಕ್ರೈಸ್ತ ವಲಸೆಗಾರರವು. ಅವರು ನೆಟ್ಟದ್ದು ಕರಿಮೆಣಸು. ಒಳ್ಳೆಯ ದರವಿದ್ದ ಕಾಲದಲ್ಲಿ ಅದೇ ಕಪ್ಪು ಬಂಗಾರ. ಹೆಂಚಿನ ಮನೆ ಹೋಗಿ ಆರ್‌ಸಿಸಿ ಬಂತು, ಅಂಗಳಕ್ಕೆ ಜೀಪು ಬಂತು. ಆಮೇಲೆ ಶೀಘ್ರ ಸೊರಗು ರೋಗ ಬಳ್ಳಿಯನ್ನು ತಿಂದಿತು. ಬಳ್ಳಿ ಹಬ್ಬಿಸಿದ್ದ ಹಾಲುವಾಣದ ಮರಕ್ಕೆ ಗಂಟುಕೀಟ ಬಿತ್ತು. 2000ದ ಆಚೀಚೆ ದರವೂ ನೆಲ ಕಚ್ಚಿತು. ವಯನಾಡಿನ ರೈತರ ಆತ್ಮಹತ್ಯೆಗಳು ದೇಶದ ಸುದ್ದಿಯಾದದ್ದು ಆ ವರ್ಷಗಳಲ್ಲೇ. ಕೇರಳ ಸರ್ಕಾರ 2006ರಲ್ಲಿ ರೈತರ ಸಾಲ ಪರಿಹಾರ ಆಯೋಗದ ಕಾಯ್ದೆ ತಂದದ್ದೂ ಈ ಸಂಕಟದಿಂದ. ಅದರ ನೆರವು ಹೆಚ್ಚಾಗಿ ದಕ್ಕಿದ್ದು ಸಹಕಾರಿ ಸಂಘಗಳ ಸಾಲಗಾರರಿಗೆ.

ಮೆಣಸು ಕೈಕೊಟ್ಟ ಮೇಲೆ ಅನೇಕರು ಹೊಳೆ ದಾಟಿದರು, ಈ ಬಾರಿ ಶುಂಠಿಗಾಗಿ. ಎಚ್.ಡಿ. ಕೋಟೆ, ಹುಣಸೂರು, ಗುಂಡ್ಲುಪೇಟೆ, ಕೊಡಗು, ಶಿವಮೊಗ್ಗದವರೆಗೂ ಗದ್ದೆ ಗುತ್ತಿಗೆ ಹಿಡಿದ ವಯನಾಡಿನ ಶುಂಠಿ ಬೆಳೆಗಾರರನ್ನು ಕನ್ನಡದ ಹಳ್ಳಿಗಳು ಚೆನ್ನಾಗಿ ಬಲ್ಲವು. ಶುಂಠಿ ಅರವತ್ತು ಕಿಲೋ ಚೀಲದ ಲೆಕ್ಕದ ಜೂಜು. 2023ರಲ್ಲಿ ದರ ಆಕಾಶಕ್ಕೆ ಏರಿತ್ತು, ಆಮೇಲೆ ಧೊಪ್ಪನೆ ಬಿತ್ತು. ಗುತ್ತಿಗೆ ಹಣ, ಬಿತ್ತನೆ ಗಡ್ಡೆ, ಗೊಬ್ಬರ, ಕೂಲಿ ಎಲ್ಲವೂ ಮುಂಗಡ ಬೇಕು. ಹೊಲ ಕರ್ನಾಟಕದಲ್ಲಿ, ಅದಕ್ಕೆ ಅಡಮಾನ ಬಿದ್ದ ಮನೆ ಕೇರಳದಲ್ಲಿ. ಗಂಡ ಸಾಲಗಾರ, ಹೆಂಡತಿ ಸಹ-ಸಾಲಗಾರ್ತಿ ಅಥವಾ ಜಾಮೀನುದಾರಳು. ಬ್ಯಾಂಕಿನಲ್ಲಿ ಮ್ಯಾನೇಜರು ‘ಇಲ್ಲಿ ಇಲ್ಲಿ ಒಂದು ಸಹಿ ಹಾಕಿ ಚೇಚಿ’ ಎಂದು ತೋರಿಸಿದ ಕಡೆಯಲ್ಲೆಲ್ಲ ಆಕೆ ಹಾಕಿರುತ್ತಾಳೆ.

ಆ ಸಹಿಯ ತೂಕ ಎಷ್ಟು? 1872ರ ಕರಾರು ಕಾಯ್ದೆಯ 43ನೇ ಕಲಮಿನ ಪ್ರಕಾರ, ಇಬ್ಬರು ಸೇರಿ ಮಾತು ಕೊಟ್ಟಿದ್ದರೆ ಸಾಲ ಕೊಟ್ಟವನು ಇಬ್ಬರಲ್ಲಿ ಯಾರನ್ನು ಬೇಕಾದರೂ ಪೂರ್ತಿ ಮೊತ್ತಕ್ಕೆ ಹಿಡಿಯಬಹುದು. 128ನೇ ಕಲಮು ಜಾಮೀನುದಾರನನ್ನೂ ಸಾಲಗಾರನ ಸಮಕ್ಕೆ ನಿಲ್ಲಿಸುತ್ತದೆ. ‘ಮನೆಸಾಲದ ಕಂತು ಗಂಡನೇ ಕಟ್ಟತಕ್ಕದ್ದು’ ಎಂದು ರಾಜಿ ಪತ್ರದಲ್ಲಿ ಬರೆದು ನ್ಯಾಯಾಧೀಶರ ಮುದ್ರೆ ಬಿದ್ದರೂ ಅದು ಗಂಡ ಹೆಂಡಿರ ನಡುವಿನ ಮಾತು ಅಷ್ಟೆ. ಬ್ಯಾಂಕು ಆ ಪತ್ರಕ್ಕೆ ಸಹಿ ಹಾಕಿಲ್ಲ. ಅವನು ಮೂರು ಕಂತು ತಪ್ಪಿಸಿದರೆ ಫೋನು ಬರುವುದು ಅವಳಿಗೂ, ಸಿಬಿಲ್ ಅಂಕ ಬೀಳುವುದು ಅವಳದ್ದೂ. ಕಟ್ಟಿದ ಹಣವನ್ನು ಆಮೇಲೆ ಅವನಿಂದ ವಸೂಲು ಮಾಡುವ ಹಕ್ಕು ಅವಳಿಗಿದೆ. ದಿವಾಳಿಯಾದವನಿಂದ ವಸೂಲು ಮಾಡುವುದೆಂದರೆ ಒಣಗಿದ ಬಾವಿಗೆ ಕೊಡ ಇಳಿಸಿದ ಹಾಗೆ.

ಆದ್ದರಿಂದ ಈ ಕೆಲಸದಲ್ಲಿ ಬ್ಯಾಂಕು ಮೊದಲು, ಕೋರ್ಟು ಆಮೇಲೆ. ಸಹ-ಸಾಲಗಾರಳ ಹೆಸರು ತೆಗೆಯಬೇಕೆಂದರೆ ಬ್ಯಾಂಕು ಉಳಿದವನ ಆದಾಯವನ್ನು ಹೊಸದಾಗಿ ತೂಗಿ ನೋಡುತ್ತದೆ. ಆದಾಯ ಸಾಲದಿದ್ದರೆ ಬೇರೆ ಜಾಮೀನು ಕೇಳುತ್ತದೆ, ಇಲ್ಲವೆ ಬೇರೆ ಬ್ಯಾಂಕಿಗೆ ಸಾಲ ವರ್ಗಾಯಿಸಿಕೊಳ್ಳಿ ಎನ್ನುತ್ತದೆ. ಇದಾವುದೂ ಆಗದು ಎಂದಾದರೆ ಉಳಿಯುವುದು ಮಾರಾಟ.

ಮಾರಾಟ ಎಂದರೆ ಎರಡೂ ಕಡೆಯವರಿಗೆ ಸಿಟ್ಟು. ‘ಅವಳಿಗೆ ಸಿಗುವುದಾದರೆ ಬ್ಯಾಂಕೇ ತಗೊಂಡು ಹೋಗಲಿ’ ಎನ್ನುವ ಗಂಡಸರಿದ್ದಾರೆ, ಅದೇ ಮಾತನ್ನು ತಿರುಗಿಸಿ ಹೇಳುವ ಹೆಂಗಸರೂ ಇದ್ದಾರೆ. ಈ ಹಟದ ಬೆಲೆಯನ್ನು ಒಂದು ಊಹೆಯ ಲೆಕ್ಕದಲ್ಲಿ ನೋಡಬಹುದು. ಮನೆಗೆ ಸಾಲ ಬಾಕಿ 18 ಲಕ್ಷ. ಇಬ್ಬರೂ ಒಪ್ಪಿ, ಬ್ಯಾಂಕಿಗೆ ತಿಳಿಸಿ, ಗಿರಾಕಿ ಹುಡುಕಿ ಮಾರಿದರೆ 28 ಲಕ್ಷ. ಸಾಲ ತೀರಿಸಿ ಉಳಿಯುವುದು 10 ಲಕ್ಷ, ತಲಾ 5. ಅದೇ ಮನೆ ಹರಾಜಿಗೆ ಹೋಗಿ 22 ಲಕ್ಷಕ್ಕೆ ಬಿಕರಿಯಾಯಿತು ಎನ್ನಿ. ಅಷ್ಟರಲ್ಲಿ ಬಡ್ಡಿ, ಖರ್ಚು ಸೇರಿ ಬಾಕಿ ಹತ್ತೊಂಬತ್ತೂವರೆ ಆಗಿರುತ್ತದೆ. ಉಳಿಕೆ ಎರಡೂವರೆ ಲಕ್ಷ. ಅದೂ ಹೋಗುವುದು ಆಸ್ತಿಯ ಮಾಲೀಕನ ಹೆಸರಿಗೆ. ಪಟ್ಟೆ ಗಂಡನ ಹೆಸರಿನಲ್ಲಿದ್ದರೆ ಅವಳ ಕೈಗೆ ಬರುವ ಮೊದಲೇ ಶುಂಠಿ ಸಾಲದವರು ಆ ಹಣದ ಮೇಲೆ ಕೈ ಇಟ್ಟಿರುತ್ತಾರೆ.

ಹರಾಜಿನ ಗಡಿಯಾರ ಹೇಗೆ ಓಡುತ್ತದೆಂದು ತಿಳಿದಿದ್ದರೆ ಹಟಕ್ಕೂ ಒಂದು ಮಿತಿ ಬೀಳುತ್ತದೆ. 2002ರ ಸರ್ಫೇಸಿ ಕಾಯ್ದೆಯಡಿ ಬ್ಯಾಂಕಿಗೆ ಕೋರ್ಟಿಗೆ ಹೋಗದೆಯೇ ಮನೆ ಹಿಡಿಯುವ ಅಧಿಕಾರವಿದೆ. ಮೊದಲು 60 ದಿನದ ನೋಟಿಸು. ಅದಕ್ಕೆ ಸಾಲಗಾರ ಆಕ್ಷೇಪ ಬರೆದರೆ ಬ್ಯಾಂಕು 15 ದಿನದೊಳಗೆ ಉತ್ತರ ಕೊಡಲೇಬೇಕು. ನಂತರ ಸ್ವಾಧೀನದ ನೋಟಿಸು ಬಾಗಿಲಿಗೆ ಅಂಟುತ್ತದೆ, ಪತ್ರಿಕೆಯಲ್ಲಿ ಬರುತ್ತದೆ. ಅಲ್ಲಿಂದ 45 ದಿನದೊಳಗೆ ಸಾಲ ವಸೂಲಾತಿ ನ್ಯಾಯಮಂಡಳಿಗೆ ಹೋಗಬಹುದು. ಮುಳ್ಳನ್‌ಕೊಲ್ಲಿಯವರಿಗೆ ಅದು ಘಟ್ಟ ಇಳಿದು ಎರ್ನಾಕುಲಂ. ಇಲ್ಲಿ ಗಮನಿಸಬೇಕಾದ ಒಂದು ಪದವಿದೆ: ಕಾಯ್ದೆಯ 17ನೇ ಕಲಮು ‘ಸಾಲಗಾರನೂ ಸೇರಿದಂತೆ ಬಾಧಿತನಾದ ಯಾವುದೇ ವ್ಯಕ್ತಿ’ ಎನ್ನುತ್ತದೆ. ಸಾಲದ ಪತ್ರದಲ್ಲಿ ಹೆಸರೇ ಇಲ್ಲದ ಹೆಂಡತಿಗೂ ಆ ಬಾಗಿಲು ಉಂಟು. ಬಾಕಿ ಕಟ್ಟಿ ಮನೆ ಬಿಡಿಸಿಕೊಳ್ಳುವ ಅವಕಾಶ ಮೊದಲು ಹರಾಜು ಮುಗಿಯುವವರೆಗೂ ಇತ್ತು. 2016ರ ತಿದ್ದುಪಡಿಯ ನಂತರ ಹರಾಜಿನ ಪ್ರಕಟಣೆ ಹೊರಬೀಳುವವರೆಗೆ ಮಾತ್ರ ಎಂದು 2023ರಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿತು. ತವರಿಗೆ ಹೋಗಿ ಕುಳಿತವಳಿಗೆ ಈ ನೋಟಿಸು ತಲುಪುವುದೇ ಇಲ್ಲ, ಅದು ಹಳೆಯ ವಿಳಾಸಕ್ಕೆ ಹೋಗಿರುತ್ತದೆ. ಮನೆ ಬಿಟ್ಟ ವಾರವೇ ಹೊಸ ವಿಳಾಸವನ್ನು ಬ್ಯಾಂಕಿಗೆ ಬರೆದು ಕೊಟ್ಟು ರಸೀದಿ ಪಡೆಯುವುದು ವಕೀಲರ ಫೀಜಿಗಿಂತ ಅಗ್ಗದ ಕೆಲಸ.

ವಯನಾಡಿನಂಥ ಕಡೆ ಇನ್ನೊಂದು ಪ್ರಶ್ನೆ ಏಳುತ್ತದೆ. ಕೃಷಿ ಭೂಮಿಗೆ ಸರ್ಫೇಸಿ ಅನ್ವಯಿಸುವುದಿಲ್ಲ ಎಂದು ಕಾಯ್ದೆಯ 31ನೇ ಕಲಮೇ ಹೇಳುತ್ತದೆ. ಹಾಗಾದರೆ ತೋಟದ ನಡುವಿನ ಮನೆ? ದಾಖಲೆಯಲ್ಲಿ ಕೃಷಿ ಎಂದಿದ್ದರೆ ಸಾಲದು, ನೆಲದಲ್ಲಿ ನಿಜಕ್ಕೂ ಕೃಷಿ ನಡೆಯುತ್ತಿದೆ ಎಂದು ತೋರಿಸುವ ಹೊಣೆ ಸಾಲಗಾರನದು ಎಂದು ಸುಪ್ರೀಂ ಕೋರ್ಟ್ 2023ರ ಇನ್ನೊಂದು ತೀರ್ಪಿನಲ್ಲಿ ಹೇಳಿದೆ. ವಿನಾಯಿತಿ ಸಿಕ್ಕರೂ ಸಾಲ ಮನ್ನಾ ಆಗುವುದಿಲ್ಲ, ಬ್ಯಾಂಕು ಸಿವಿಲ್ ದಾವೆಯ ಅಥವಾ ಕಂದಾಯ ವಸೂಲಿಯ ದಾರಿ ಹಿಡಿಯುತ್ತದೆ. ಸಿಗುವುದು ಸಮಯ. ರಾಜಿ ಮಾತುಕತೆಗೆ ಬೇಕಾದದ್ದೂ ಅದೇ.

ಕೇರಳ ವಿಧಾನಸಭೆ 2025ರ ಅಕ್ಟೋಬರಿನಲ್ಲಿ ಏಕೈಕ ವಾಸದ ಮನೆಯ ರಕ್ಷಣೆಗೆಂದು ಮಸೂದೆಯೊಂದನ್ನು ಅಂಗೀಕರಿಸಿತು. ಬೇಕೆಂದೇ ಸಾಲ ತಪ್ಪಿಸದ ಬಡ ಕುಟುಂಬದ, 5 ಲಕ್ಷ ರೂಪಾಯಿವರೆಗಿನ, ಬಡ್ಡಿ ಸೇರಿ 10 ಲಕ್ಷ ಮೀರದ ಸಾಲಕ್ಕೆ ಅದು ಆಸರೆಯಾಗಬೇಕೆಂಬುದು ಉದ್ದೇಶ. ಕೇಂದ್ರದ ಸರ್ಫೇಸಿಯ ಎದುರು ಅದು ಎಷ್ಟರ ಮಟ್ಟಿಗೆ ನಿಲ್ಲುತ್ತದೆ ಎಂಬುದು ನ್ಯಾಯಾಲಯದಲ್ಲೇ ಇತ್ಯರ್ಥವಾಗಬೇಕಾದ ಮಾತು. ಗಂಡ ಒಂದು ಕಡೆ, ಹೆಂಡತಿ ಮಕ್ಕಳು ಇನ್ನೊಂದು ಕಡೆ ಇರುವಾಗ ‘ಏಕೈಕ ವಾಸದ ಮನೆ’ ಯಾರದು ಎಂಬ ತಕರಾರೂ ಬಾರದೆ ಇರದು.

ಇನ್ನು ‘ಪಾಪರ್’. ನಮ್ಮ ಹಳ್ಳಿಗಳಲ್ಲಿ ‘ಪಾಪರ್ ಚೀಟಿ ತಗೊಂಡ’ ಎಂದರೆ ಎಲ್ಲ ಸಾಲಕ್ಕೂ ನೀರು ಬಿಟ್ಟ ಎಂದೇ ತಿಳಿವಳಿಕೆ. ಸಂಸತ್ತು 2016ರಲ್ಲಿ ತಂದ ದಿವಾಳಿ ಸಂಹಿತೆಯಲ್ಲಿ ವ್ಯಕ್ತಿಗಳಿಗೂ ಒಂದು ಭಾಗವಿದೆ. ಆದರೆ 2019ರ ಡಿಸೆಂಬರ್ 1ರಿಂದ ಜಾರಿಗೆ ಬಂದದ್ದು ಕಂಪನಿ ಸಾಲಕ್ಕೆ ವೈಯಕ್ತಿಕ ಜಾಮೀನು ನಿಂತವರ ಪಾಲಿಗೆ ಮಾತ್ರ. ಶುಂಠಿ ಬೆಳೆಗಾರನಿಗೆ, ಸಂಬಳದವನಿಗೆ ಇಂದಿಗೂ ಹಳೆಯ ಕಾನೂನೇ ಗತಿ. ಕರ್ನಾಟಕದ ದಡದಲ್ಲಿ ಅದು 1920ರ ಪ್ರಾಂತೀಯ ದಿವಾಳಿ ಕಾಯ್ದೆ. ಅದರಲ್ಲಿ ಸಾಲಗಾರ ತಾನಾಗಿ ಅರ್ಜಿ ಹಾಕಲು ಬೇಕಾದ ಸಾಲದ ಕನಿಷ್ಠ ಮೊತ್ತ 500 ರೂಪಾಯಿ! ನೂರು ವರ್ಷದ ಹಿಂದೆ ಅದು ಜೋಡೆತ್ತಿನ ಬೆಲೆಗೂ ಮೇಲಿದ್ದಿರಬಹುದು, ಈಗ ಎರಡು ಪ್ಲೇಟು ಬಿರಿಯಾನಿಗೆ ಸರಿಹೋಗುತ್ತದೆ.

ಆ ಹಳೆಯ ಕಾಯ್ದೆಯನ್ನು ಬಿಚ್ಚಿ ಓದಿದರೆ ಪಾಪರ್ ಚೀಟಿಯ ಮಹಿಮೆ ಕರಗುತ್ತದೆ. ದಿವಾಳಿ ಎಂದು ಘೋಷಿಸಿದ ಕೂಡಲೆ ಆತನ ಆಸ್ತಿ ಕೋರ್ಟಿನ ಅಥವಾ ರಿಸೀವರನ ವಶ. ಅಡಮಾನ ಹಿಡಿದ ಬ್ಯಾಂಕಿಗೆ ಇದರಿಂದ ಏನೂ ಅಡ್ಡಿಯಿಲ್ಲ, 28ನೇ ಕಲಮು ಅದರ ಹಕ್ಕನ್ನು ಪ್ರತ್ಯೇಕವಾಗಿ ಕಾಪಾಡಿದೆ. ಮನೆ ಉಳಿಸಲೆಂದು ಪಾಪರ್ ಅರ್ಜಿ ಹಾಕಿದವನ ಮನೆಯೇ ಮೊದಲು ಹೋಗಬಹುದು. ಗಂಡನಿಗೆ ಋಣಮುಕ್ತಿಯ ಆದೇಶ ಸಿಕ್ಕಿದರೂ ಜೊತೆಗೆ ಸಹಿ ಹಾಕಿದವರಿಗೆ, ಜಾಮೀನು ನಿಂತವರಿಗೆ ಅದು ಅನ್ವಯಿಸದು ಎಂದು 44ನೇ ಕಲಮು ಸಾರುತ್ತದೆ. ಅಂದರೆ ಗಂಡ ಪಾರಾಗಿ ಹೆಂಡತಿ ಸಿಕ್ಕಿಬೀಳುವ ವಿಚಿತ್ರ ಸಾಧ್ಯತೆ. ಅದೇ ಕಲಮಿನಲ್ಲಿ ಅವಳ ಪರವಾದ ಸಾಲೂ ಒಂದಿದೆ: ನ್ಯಾಯಾಲಯ ವಿಧಿಸಿದ ಜೀವನಾಂಶದ ಬಾಧ್ಯತೆ ಋಣಮುಕ್ತಿಯಿಂದ ಅಳಿಯುವುದಿಲ್ಲ. ಇನ್ನೂ ಪೂರ್ತಿ ಜಾರಿಯಾಗದ 2016ರ ಸಂಹಿತೆಯೂ ಇದನ್ನೇ ಉಳಿಸಿಕೊಂಡಿದೆ. ಧರ್ಮದ ಆಚಾರದಂತೆ ಮೈಮೇಲಿಂದ ತೆಗೆಯಬಾರದ, ಒತ್ತೆ ಇಡದ ಆಭರಣಗಳನ್ನು ನಿಗದಿತ ಬೆಲೆಯವರೆಗೆ ಸಾಲಿಗರ ಕೈಗೆ ಸಿಗದಂತೆ ಹೊರಗಿಡುವ ಮಾತೂ ಅದರಲ್ಲಿದೆ. ಮದುವೆ ಮುರಿದ ಮೇಲೂ ತಾಳಿಗೆ ಆ ರಕ್ಷಣೆ ಸಿಗುತ್ತದೆಯೆ ಎಂದು ಯಾರಾದರೂ ವಕೀಲರು ಒಂದು ದಿನ ವಾದಿಸಿಯಾರು.

ಪಾಪರ್ ಎಂಬ ಮಾತಿಗೆ ಕೋರ್ಟಿನಲ್ಲಿ ಇನ್ನೊಂದು ಮುಖವಿತ್ತು. ಕೋರ್ಟ್ ಶುಲ್ಕ ಕಟ್ಟಲಾರದವರು ಹೂಡುವ ‘ಪಾಪರ್ ದಾವೆ’. 1976ರ ತಿದ್ದುಪಡಿಯಲ್ಲಿ ಸಿವಿಲ್ ಪ್ರಕ್ರಿಯಾ ಸಂಹಿತೆ ಆ ಪದ ಬಿಟ್ಟು ನಿರ್ಗತಿಕ ವ್ಯಕ್ತಿ ಎಂಬರ್ಥದ ಪದ ಹಿಡಿಯಿತು, ಸೌಲಭ್ಯ ಹಾಗೇ ಇದೆ. ಹೀಗಾಗಿ ಒಂದೇ ಮದುವೆಯಿಂದ ಇಬ್ಬರು ಪಾಪರ್‌ಗಳು ಹೊರಬರಬಹುದು: ಸಾಲಿಗರಿಂದ ತಪ್ಪಿಸಿಕೊಳ್ಳಲು ಅವನು, ತನ್ನ ಪಾಲು ಕೇಳಲು ಅವಳು. ಇದಲ್ಲದೆ 1987ರ ಕಾನೂನು ಸೇವಾ ಪ್ರಾಧಿಕಾರ ಕಾಯ್ದೆಯಡಿ ಯಾವುದೇ ಹೆಣ್ಣುಮಗಳಿಗೆ, ಆದಾಯ ಎಷ್ಟೇ ಇರಲಿ, ಉಚಿತ ವಕೀಲರು ಸಿಗುತ್ತಾರೆ. ಮುಳ್ಳನ್‌ಕೊಲ್ಲಿಯವರಿಗೆ ಜಿಲ್ಲಾ ಪ್ರಾಧಿಕಾರವೂ ಕುಟುಂಬ ನ್ಯಾಯಾಲಯವೂ ಕಲ್ಪೆಟ್ಟದಲ್ಲಿವೆ.

ಸಾಲಿಗರು ಬರುವ ಮೊದಲೇ ಎಲ್ಲವನ್ನೂ ಹೆಂಡತಿಯ ಹೆಸರಿಗೆ ದಾನಪತ್ರ ಮಾಡಿ, ಆಮೇಲೆ ತೋರಿಕೆಗೆ ಡೈವೋರ್ಸ್ ಪಡೆಯುವ ಉಪಾಯವೂ ಊರಲ್ಲಿ ಚಲಾವಣೆಯಲ್ಲಿದೆ. ಹರಟೆಕಟ್ಟೆಯ ಈ ಬುದ್ಧಿವಂತಿಕೆಗೆ ಕಾನೂನು ಹಿಂದೆಯೇ ಉತ್ತರ ಬರೆದಿಟ್ಟಿದೆ. ಸಾಲಿಗರನ್ನು ವಂಚಿಸಲು ಮಾಡಿದ ವರ್ಗಾವಣೆಯನ್ನು ಆಸ್ತಿ ವರ್ಗಾವಣೆ ಕಾಯ್ದೆಯ 53ನೇ ಕಲಮಿನಡಿ ಅವರು ರದ್ದು ಮಾಡಿಸಬಹುದು. ದಿವಾಳಿಗೆ ಹಿಂದಿನ ಎರಡು ವರ್ಷದೊಳಗಿನ ಪುಕ್ಕಟೆ ವರ್ಗಾವಣೆಯನ್ನು 1920ರ ಕಾಯ್ದೆಯೂ ತಿರುಗಿಸಬಲ್ಲದು. ನೆಟ್ಟಗಿನ ಹಾದಿ ಬೇಕಾದವರಿಗೆ 1874ರ ವಿವಾಹಿತ ಮಹಿಳೆಯರ ಆಸ್ತಿ ಕಾಯ್ದೆ ಇದೆ. ಅದರ 6ನೇ ಕಲಮಿನಂತೆ ಹೆಂಡತಿ ಮಕ್ಕಳ ಹಿತಕ್ಕೆಂದು ಮಾಡಿಸಿದ ಜೀವವಿಮೆಯ ಹಣಕ್ಕೆ ಗಂಡನ ಸಾಲಿಗರು ಕೈ ಹಾಕುವಂತಿಲ್ಲ. ಪಾಲಿಸಿ ಮಾಡಿಸುವ ದಿನ ಒಂದು ಅರ್ಜಿ ಹೆಚ್ಚು ತುಂಬಬೇಕು, ಏಜೆಂಟರು ಹೇಳುವುದು ಕಡಿಮೆ.

ಚಿನ್ನದ ವಿಷಯಕ್ಕೆ ಬಂದರೆ ಕೇರಳದ್ದೇ ಒಂದು ಪ್ರಕರಣವಿದೆ. ಮದುವೆಯಲ್ಲಿ ತವರಿನವರು ಕೊಟ್ಟ 89 ಪವನು ಚಿನ್ನವನ್ನು ಗಂಡ ಮತ್ತು ಅತ್ತೆ ತಮ್ಮ ಹಳೆಯ ಸಾಲ ತೀರಿಸಲು ಕರಗಿಸಿದರು ಎಂಬುದು ಹೆಂಡತಿಯ ದೂರು. ಕುಟುಂಬ ನ್ಯಾಯಾಲಯ 2011ರಲ್ಲಿ ಅವಳ ಮಾತು ಒಪ್ಪಿತು, ಹೈಕೋರ್ಟ್ 2022ರಲ್ಲಿ ಒಪ್ಪಲಿಲ್ಲ. 2024ರ ಏಪ್ರಿಲಿನಲ್ಲಿ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಗಳಾದ ಸಂಜೀವ್ ಖನ್ನಾ ಮತ್ತು ದೀಪಂಕರ್ ದತ್ತಾ ಅವರ ಪೀಠ ಸ್ತ್ರೀಧನ ದಂಪತಿಯ ಜಂಟಿ ಆಸ್ತಿಯಲ್ಲ ಎಂದು ಹೇಳಿ, ಆಕೆಗೆ 25 ಲಕ್ಷ ರೂಪಾಯಿ ಕೊಡಿಸಿತು. ಕಷ್ಟಕಾಲದಲ್ಲಿ ಗಂಡ ಅದನ್ನು ಬಳಸಬಹುದು, ಹಿಂತಿರುಗಿಸುವ ಹೊಣೆ ಅವನದೇ. ದಿವಾಳಿಯಾಗುತ್ತಿರುವ ಮನೆಯಲ್ಲಿ ಮೊದಲು ಗಿರವಿ ಅಂಗಡಿ ಸೇರುವುದು ಬಳೆ ಮತ್ತು ಸರ. ಗಿರವಿ ಚೀಟಿ ಯಾರ ಹೆಸರಿನಲ್ಲಿದೆ, ಆ ಹಣ ಯಾವ ಖಾತೆಗೆ ಹೋಯಿತು ಎಂಬ ಎರಡು ಕಾಗದಗಳು ಹದಿಮೂರು ವರ್ಷ ಮೀರಿದ ವ್ಯಾಜ್ಯವನ್ನು ಮೂರು ವರ್ಷಕ್ಕೆ ಇಳಿಸಬಲ್ಲವು.

‘ನನಗೇ ಇಷ್ಟು ಸಾಲ, ಜೀವನಾಂಶ ಎಲ್ಲಿಂದ ಕೊಡಲಿ’ ಎನ್ನುವ ಗಂಡನ ಮಾತು ಯಾವಾಗಲೂ ಸುಳ್ಳಲ್ಲ. ನಿಜ ಎಷ್ಟು ಎಂದು ತಿಳಿಯಲೆಂದೇ 2020ರ ನವೆಂಬರ್ 4ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಇಬ್ಬರೂ ಆಸ್ತಿ, ಆದಾಯ, ಸಾಲಗಳ ಪ್ರಮಾಣಪತ್ರ ಸಲ್ಲಿಸಬೇಕೆಂದು ದೇಶಕ್ಕೆಲ್ಲ ಒಂದೇ ನಮೂನೆ ಮಾಡಿಕೊಟ್ಟಿತು. 2024ರ ಡಿಸೆಂಬರಿನಲ್ಲಿ ನ್ಯಾಯಮೂರ್ತಿಗಳಾದ ಸೂರ್ಯಕಾಂತ್ ಮತ್ತು ಉಜ್ಜಲ್ ಭುಯಾನ್ ಇನ್ನೂ ಮುಂದೆ ಹೋಗಿ, ಬಾಕಿ ಉಳಿದ ಜೀವನಾಂಶಕ್ಕೆ ಸರ್ಫೇಸಿ, ದಿವಾಳಿ ಸಂಹಿತೆಗಳಡಿಯ ಸಾಲಿಗರ ಹಕ್ಕಿಗಿಂತ ಮೊದಲ ಸ್ಥಾನ ಎಂದರು. ಹೇಳಿದ್ದು ಜೀವನಾಂಶದ ಬಾಕಿಯ ಬಗ್ಗೆ ಮಾತ್ರ, ಮನೆಯಲ್ಲಿ ಉಳಿಯುವ ಹಕ್ಕಿನ ಬಗ್ಗೆ ಅಲ್ಲ. ಗಂಡನ ಮನೆಯಲ್ಲಿ ವಾಸಿಸುವ ಹಕ್ಕನ್ನು 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆ ಕೊಟ್ಟಿದೆ ನಿಜ, ಅದು ಗಂಡ ಮತ್ತು ಅವನ ಕಡೆಯವರ ಎದುರು ನಡೆಯುವ ಹಕ್ಕು. ಬ್ಯಾಂಕಿನ ಅಡಮಾನ ಅದರಿಂದ ಅಳಿಯುವುದಿಲ್ಲ.

ಸಹಿ ಹಾಕಿದ ಸಾಲದ್ದು ಒಂದು ಕಥೆ, ಹಾಕದ ಸಾಲದ್ದು ಇನ್ನೊಂದು. ಪುಲ್ಪಳ್ಳಿಯ ಸಹಕಾರಿ ಬ್ಯಾಂಕಿನಲ್ಲಿ ರೈತರು ಸಣ್ಣ ಮೊತ್ತಕ್ಕೆ ಒತ್ತೆಯಿಟ್ಟ ಭೂಮಿಯ ಮೇಲೆ ಅವರಿಗೆ ತಿಳಿಯದಂತೆ ಲಕ್ಷಗಟ್ಟಲೆ ಸಾಲ ಬರೆಯಲಾಗಿದೆ ಎಂಬ ಆರೋಪ 2023ರಲ್ಲಿ ರೈತನೊಬ್ಬನ ಸಾವಿನೊಂದಿಗೆ ಸ್ಫೋಟಿಸಿತು, ಬಂಧನಗಳಾದವು, ಜಾರಿ ನಿರ್ದೇಶನಾಲಯವೂ ಬಂತು. ದಂಪತಿ ಬೇರೆಯಾಗುವ ಮುನ್ನ ಸಬ್ ರಿಜಿಸ್ಟ್ರಾರ್ ಕಚೇರಿಯಿಂದ ಋಣಭಾರ ಪ್ರಮಾಣಪತ್ರ ತೆಗೆಸಬೇಕು. ಕನ್ನಡದವರಿಗೆ ಅದು ಇ.ಸಿ., ಮಲಯಾಳಿಗಳಿಗೆ ‘ಕುಡಿಕ್ಕಡ’. ಅದರೊಂದಿಗೆ ಬ್ಯಾಂಕಿನಿಂದ ಸಾಲದ ಪೂರ್ತಿ ಲೆಕ್ಕಪಟ್ಟಿ. ಇವೆರಡನ್ನು ಎದುರಿಗಿಟ್ಟುಕೊಳ್ಳದೆ ಮಾಡಿದ ರಾಜಿ ಕತ್ತಲಲ್ಲಿ ಮಾಡಿದ ಪಾಲು.

ದೂರದ ನಾಡುಗಳಲ್ಲಿ ಹೇಗೆ? ಕ್ಯಾಲಿಫೋರ್ನಿಯದಲ್ಲಿ ನೆಲೆಸಿದ ಕನ್ನಡ ಕುಟುಂಬಕ್ಕೆ ದಿವಾಳಿ ಅರ್ಜಿ ಹಾಕಿದ ಕ್ಷಣದಿಂದ ಹರಾಜು ತಾನಾಗಿ ನಿಲ್ಲುತ್ತದೆ, ತಾತ್ಕಾಲಿಕವಾಗಿಯಾದರೂ. ಡೈವೋರ್ಸ್‌ನಿಂದ ಮನೆ ಹೆಂಡತಿಯ ಹೆಸರಿಗೆ ಬಂದರೆ ಅದೇ ನೆಪದಲ್ಲಿ ಬ್ಯಾಂಕು ಪೂರ್ತಿ ಸಾಲ ಕೇಳದಂತೆ 1982ರ ಅಮೆರಿಕದ ಕಾನೂನು ತಡೆದಿದೆ. ನಮ್ಮಲ್ಲಿ ಸಾಮಾನ್ಯ ಸಾಲಗಾರರಿಗೆ ಈ ಎರಡೂ ಇಲ್ಲ. ದೇಶದೊಳಗೇ ಗೋವಾದಲ್ಲಿ ಪೋರ್ಚುಗೀಸರ 1867ರ ಸಂಹಿತೆಯ ನೆರಳಿನಲ್ಲಿ ದಂಪತಿಯ ಆಸ್ತಿ ಸಾಮಾನ್ಯವಾಗಿ ಇಬ್ಬರದೂ. ಸಂಸಾರಕ್ಕೆಂದು ಮಾಡಿದ ಸಾಲಕ್ಕೂ ಅಲ್ಲಿ ಇಬ್ಬರೂ ಬಾಧ್ಯರು.

ಬೇರೆಯಾಗುವ ವಿಧಿಯಂತೂ ಈಚೆಗೆ ಸಲೀಸಾಗಿದೆ. ಕ್ರೈಸ್ತ ದಂಪತಿಗೆ ಪರಸ್ಪರ ಒಪ್ಪಿಗೆಯ ವಿಚ್ಛೇದನ ದೊರೆತದ್ದೇ 2001ರಲ್ಲಿ, ಅದೂ ಎರಡು ವರ್ಷ ದೂರವಿದ್ದ ಮೇಲೆ. 2010ರಲ್ಲಿ ಕೇರಳ ಹೈಕೋರ್ಟ್ ಅದನ್ನು ಒಂದು ವರ್ಷಕ್ಕಿಳಿಸಿತು, 2022ರ ಡಿಸೆಂಬರಿನಲ್ಲಿ ಆ ಒಂದು ವರ್ಷದ ಷರತ್ತೂ ಸಂವಿಧಾನಬಾಹಿರ ಎಂದಿತು. ಹಿಂದೂ ದಂಪತಿಯ ಆರು ತಿಂಗಳ ಕಾಯುವಿಕೆಯನ್ನು ಕೋರ್ಟು ಬಿಟ್ಟುಕೊಡಬಹುದೆಂದು ಸುಪ್ರೀಂ ಕೋರ್ಟ್ 2017ರಲ್ಲೇ ಹೇಳಿದೆ. ಮದುವೆ ತಿಂಗಳುಗಳಲ್ಲಿ ಮುಗಿಯುತ್ತದೆ. ಇಪ್ಪತ್ತು ವರ್ಷದ ಮನೆಸಾಲ ಮುಗಿಯಲು ಇಪ್ಪತ್ತು ವರ್ಷ.

ಕೊನೆಗೊಂದು ದಿನ ಸಾಲ ತೀರುತ್ತದೆ, ಮಾರಿಯೋ, ಒನ್ ಟೈಮ್ ಸೆಟ್ಲ್‌ಮೆಂಟ್ ಮಾಡಿಯೋ. ಸಾಲ ತೀರಿದ 30 ದಿನದೊಳಗೆ ಮೂಲ ಪತ್ರಗಳನ್ನು ಮರಳಿಸದ ಬ್ಯಾಂಕು ತಡವಾದ ದಿನಕ್ಕೆ 5,000 ರೂಪಾಯಿಯಂತೆ ತೆರಬೇಕು ಎಂಬ ರಿಸರ್ವ್ ಬ್ಯಾಂಕಿನ ನಿಯಮ 2023ರ ಡಿಸೆಂಬರ್ 1ರಿಂದ ಜಾರಿಯಲ್ಲಿದೆ. ಮೂಲ ಪತ್ರದಲ್ಲಿ ಎರಡು ಹೆಸರಿದ್ದರೆ ಪತ್ರ ಪಡೆಯುವಾಗ ಇಬ್ಬರೂ ಬನ್ನಿ ಎಂದು ಬ್ಯಾಂಕಿನವರು ಕೇಳುವುದುಂಟು. ಕಲ್ಪೆಟ್ಟದ ಕೋರ್ಟಿನ ಮೆಟ್ಟಿಲಲ್ಲಿ ಮುಖ ತಿರುಗಿಸಿಕೊಂಡು ಹೋದ ಇಬ್ಬರು ವರ್ಷಗಳ ನಂತರ ಅದೇ ಕೌಂಟರಿನ ಮುಂದೆ ಅಕ್ಕಪಕ್ಕ ನಿಲ್ಲುತ್ತಾರೆ. ಅವಳ ಸಹಿ ಈಗ ಬದಲಾಗಿದೆ, ಮಾದರಿ ಸಹಿಯೊಂದಿಗೆ ಹೊಂದುತ್ತಿಲ್ಲ. ಹಳೆಯ ಹೆಸರಿನಲ್ಲೇ ಇನ್ನೊಮ್ಮೆ ಹಾಕಿ ಎಂದು ಗುಮಾಸ್ತ ಪೆನ್ನು ಮುಂದೆ ಮಾಡುತ್ತಾನೆ.